ತಿಳಿ ಗುಲಾಬಿಯಲ್ಲಿ ಎರಡು ಶೇಡ್: ತೋಟದ ಮನೆಗೆ ಯಾವುದು?

ತೀರ್ಥಹಳ್ಳಿ ಕಡೆ ಮನೆ, ಕಿಟಕಿಯಾಚೆ ಅಡಿಕೆ ತೋಟ, ನೆಲ ರೆಡ್ ಆಕ್ಸೈಡ್. ನಡುಮನೆಗೆ ಎರಡು ತಿಳಿ ಗುಲಾಬಿ ಆರಿಸಿದ್ದೀರಿ. ಒಂದು ಸ್ವಲ್ಪ ಪೀಚ್ ಕಡೆಗೆ, ಇನ್ನೊಂದು ಅಪ್ಪಟ ಗುಲಾಬಿ ಕಡೆಗೆ. ಶೇಡ್ ಕಾರ್ಡ್‌ನಲ್ಲಿ ಎರಡೂ ಒಂದೇ ಥರ ಕಾಣ್ತಿವೆ, ಯಾವುದು ಹೊಡೆಸಲಿ ಅಂತ ಕೇಳಿದ್ದೀರಿ.

ಪೀಚ್ ಕಡೆಯದನ್ನೇ ಹೊಡೆಸಿ. ಕಾರಣ ನಿಮ್ಮ ತೋಟ. ಎಲೆಗಳು ಬಿಸಿಲಿನ ಕೆಂಪನ್ನು ಹೀರಿಕೊಂಡು ಹಸಿರನ್ನು ಹೊರಗೆ ಬಿಡುತ್ತವೆ. ಕಿಟಕಿಯಿಂದ ಒಳಗೆ ಬರುವ ಬೆಳಕಿಗೂ ಆ ಹಸಿರು ಸೇರಿರುತ್ತದೆ. ಕೆಂಪು ಕಮ್ಮಿ ಇರುವ ಬೆಳಕಿನಲ್ಲಿ ಗುಲಾಬಿ ಅರಳುವುದಿಲ್ಲ, ಬೂದಿಗೆ ತಿರುಗುತ್ತದೆ. ಪೀಚ್‌ನಲ್ಲಿ ಹಳದಿ ಇರುವುದರಿಂದ ಅದು ಮಂಕಾದರೂ ಬೆಚ್ಚಗೇ ಕಾಣುತ್ತದೆ.

ಇದನ್ನು ನಾವು ಅನುಭವಿಸಿದ್ದೇವೆ. ಸಾಗರದ ಹತ್ತಿರ ನಮ್ಮದೂ ತೋಟದ ಮನೆ. ಅಂಗಡಿಯ ಟ್ಯೂಬ್‌ಲೈಟ್ ಕೆಳಗೆ ನೋಡಿ ಅಪ್ಪಟ ಗುಲಾಬಿ ತಂದು ಏಪ್ರಿಲ್‌ನಲ್ಲಿ ಹೊಡೆಸಿದೆವು. ಬೇಸಿಗೆಯಿಡೀ ಕೆಂಪು ಸೀಬೆಹಣ್ಣಿನ ತಿರುಳಿನ ಹಾಗೆ ಮುದ್ದಾಗಿತ್ತು. ಆಷಾಢ ಬಂತು, ಮಳೆ ಹಿಡಿಯಿತು. ಮೊದಲೇ ಇಳಿಬಿದ್ದ ಸೂರು, ಮೇಲೆ ಮೋಡ. 'ಗೋಡೆಗೆ ಜ್ವರ ಬಂದ ಹಾಗಿದೆಯಲ್ಲೇ' ಅಂದರು ಅಮ್ಮ. ನನಗೆ ನಿಜಕ್ಕೂ ಬೇಜಾರಾಯಿತು. ಎರಡು ವರ್ಷ ಬಿಟ್ಟು ಪೀಚ್ ಹೊಡೆಸಿದ ಮೇಲೇ ಸಮಾಧಾನ.

ಒಂದು ಎಚ್ಚರಿಕೆ. ನಿಮ್ಮ ಕೆಂಪು ನೆಲ ಕೂಡ ಗೋಡೆಗೆ ಬಣ್ಣ ಹಾಯಿಸುತ್ತದೆ. ಗೋಡೆಯ ಕೆಳಭಾಗ ಕಿತ್ತಳೆಗೆ ಎಳೆಯಬಹುದು. ಅದೂ ಅಲ್ಲದೆ ನಾಲ್ಕೂ ಗೋಡೆಗೆ ಬಳಿದಾಗ ಒಂದರ ಬಣ್ಣ ಇನ್ನೊಂದರ ಮೇಲೆ ಬಿದ್ದು ಕಾರ್ಡಿಗಿಂತ ಗಾಢವಾಗಿ ಕಾಣುತ್ತದೆ. ಹಾಗಾಗಿ ಅದೇ ಪೀಚ್‌ನಲ್ಲಿ ಒಂದು ಹಂತ ತಿಳಿಯಾದದ್ದು ಸಿಕ್ಕರೆ ಇನ್ನೂ ಒಳ್ಳೆಯದು.

ಸುಮ್ನೆ ನನ್ನ ಮಾತು ಕೇಳಿ ಡಬ್ಬಿ ತರಬೇಡಿ. ಎರಡರದ್ದೂ ಸ್ವಲ್ಪ ಸ್ವಲ್ಪ ಮಿಕ್ಸ್ ಮಾಡಿಸಿ, ದೊಡ್ಡ ಡ್ರಾಯಿಂಗ್ ಶೀಟ್‌ಗಳಿಗೆ ಎರಡೆರಡು ಕೋಟ್ ಬಳಿಯಿರಿ. ಚೆನ್ನಾಗಿ ಒಣಗಲಿ, ಒಣಗಿದಾಗ ಬಣ್ಣ ಬದಲಾಗುತ್ತದೆ. ಕಿಟಕಿ ಎದುರಿನ ಗೋಡೆಗೊಮ್ಮೆ, ಕಿಟಕಿ ಪಕ್ಕದ ಕತ್ತಲೆ ಗೋಡೆಗೊಮ್ಮೆ ಅಂಟಿಸಿ ನೋಡಿ. ರಾತ್ರಿ ಬಲ್ಬ್ ಹಾಕಿಯೂ ನೋಡಬೇಕು. ಬಲ್ಬಿನ ಬೆಳಕು ಎಷ್ಟು ಹಳದಿ, ಎಷ್ಟು ಬಿಳಿ ಅನ್ನುವುದನ್ನು ಕೆಲ್ವಿನ್‌ನಲ್ಲಿ ಹೇಳುತ್ತಾರೆ. 6500 ಕೆಲ್ವಿನ್‌ನ ಬಿಳಿ ಎಲ್‌ಇಡಿ ಗುಲಾಬಿಯನ್ನು ತಣ್ಣಗೆ ಮಾಡಿಬಿಡುತ್ತದೆ. 2700 ಅಥವಾ 3000 ಇರುವ, ಹಳದಿ ಬೆಳಕಿನದನ್ನು ಹಾಕಿ.

ಬಣ್ಣ ಆರಿಸೋಕೆ ಮಳೆಗಾಲವೇ ಸರಿ, ಹೊಡೆಸೋಕೆ ಅಲ್ಲ. ಶೀಟ್‌ಗಳು ಗೋಡೆ ಮೇಲೇ ಇರಲಿ, ದಿನಾ ಕಣ್ಣಿಗೆ ಬೀಳುತ್ತಿರಲಿ. ದೀಪಾವಳಿ ಕಳೆದು ಗೋಡೆಯ ಪಸೆ ಪೂರ್ತಿ ಆರಿದ ಮೇಲೆ ಪೇಂಟರ್‌ಗೆ ಹೇಳಿ.