ಗ್ರಾಫ್ ಎಳೆಯುವ ಪ್ರೋಗ್ರಾಂ ಚರವನ್ನು ತಾನೇ ಊಹಿಸಬೇಕೋ, ಬಳಕೆದಾರನನ್ನು ಕೇಳಬೇಕೋ?

ನೀವು ಕೇಳಿದ್ದು ಇಷ್ಟು: ಕಾಸರಗೋಡಿನ ಕನ್ನಡ ಮಾಧ್ಯಮ ಹೈಸ್ಕೂಲು ಮಕ್ಕಳಿಗಾಗಿ ಪೈಥಾನ್ ಮತ್ತು ಸಿಂಪೈ (ಅಕ್ಷರಗಳಲ್ಲೇ ಬೀಜಗಣಿತ ಮಾಡುವ ಪೈಥಾನ್ ಲೈಬ್ರರಿ) ಇಟ್ಟುಕೊಂಡು ಸಣ್ಣ ಗ್ರಾಫ್ ಪ್ರೋಗ್ರಾಂ ಬರೆಯುತ್ತಿದ್ದೀರಿ. ಸೂತ್ರ ಟೈಪ್ ಮಾಡಿದ ಕೂಡಲೇ ಅಡ್ಡ ಅಕ್ಷಕ್ಕೆ ಯಾವ ಅಕ್ಷರ ಹೋಗಬೇಕೆಂದು ಪ್ರೋಗ್ರಾಂ ತಾನೇ ಹುಡುಕಬೇಕೋ, ಇಲ್ಲ ‘ಟಿ = 0..40’ ಎಂದು ಮಕ್ಕಳೇ ಬರೆಯಬೇಕೋ?

ಬೆಲೆ ಗೊತ್ತಿಲ್ಲದ ಅಕ್ಷರ ಒಂದೇ ಇದ್ದರೆ ಊಹಿಸಿ, ಊಹಿಸಿದ್ದನ್ನು ಪರದೆಯಲ್ಲಿ ಪೂರ್ತಿ ಬರೆದು ತೋರಿಸಿ. ಎರಡು ಇದ್ದರೆ ಕೇಳಿ. ಒಂದೂ ಇಲ್ಲದಿದ್ದರೆ ಅಡ್ಡಗೆರೆ ಎಳೆದುಬಿಡಿ, ಅದರಲ್ಲಿ ಚರ್ಚೆ ಇಲ್ಲ.

ಈಗಿರುವ ಸಾಫ್ಟ್‌ವೇರ್‌ಗಳು ಒಂದೊಂದು ದಾರಿ ಹಿಡಿದಿವೆ. ಗ್ನೂಪ್ಲಾಟ್‌ಗೆ ಮಾಮೂಲಾಗಿ ಎಕ್ಸ್ ಒಂದೇ ಗೊತ್ತು; ‘ಟಿ’ ಬರೆದರೆ ಅಂಥ ಚರ ಇಲ್ಲ ಎನ್ನುತ್ತದೆ, ವ್ಯಾಪ್ತಿಯ ಜಾಗದಲ್ಲಿ ‘[ಟಿ=0:5]’ ಎಂದು ಹೆಸರು ಕೊಟ್ಟರೆ ಒಪ್ಪುತ್ತದೆ. ಮ್ಯಾಥಮ್ಯಾಟಿಕಾ, ಮ್ಯಾಕ್ಸಿಮಾ ಎರಡರಲ್ಲೂ ಹೆಸರು, ಆರಂಭ, ಕೊನೆ ಮೂರನ್ನೂ ಬರೆಯಬೇಕು. ಮ್ಯಾಟ್‌ಲ್ಯಾಬ್‌ನ ಸಿಂಬಾಲಿಕ್ (ಅಕ್ಷರಗಳಲ್ಲೇ ಲೆಕ್ಕ ಮಾಡುವ) ಭಾಗ ಅಕ್ಷರಮಾಲೆಯಲ್ಲಿ ಎಕ್ಸ್‌ಗೆ ಹತ್ತಿರ ಇರುವುದನ್ನು ಚರವೆಂದು ಹಿಡಿಯುತ್ತದೆ. ಜಾಣತನವೆಂದು ಕಾಣಬಹುದು. ಆದರೆ ಶಂಕುವಿನ ಘನಫಲ ‘ಪೈ*ಆರ್^2*ಎಚ್/3’ ಹಾಕಿ ನೋಡಿ: ಆರ್ ಎಕ್ಸ್‌ಗೆ ಹತ್ತಿರ, ಹಾಗಾಗಿ ಅದೇ ಚರ. ಎತ್ತರ ಹೆಚ್ಚಿದಂತೆ ಘನಫಲ ಸರಳರೇಖೆಯಲ್ಲಿ ಏರುವುದನ್ನು ನೋಡಹೊರಟ ಹುಡುಗಿಗೆ ಸಿಗುವುದು ಪರವಲಯದ ಲೆಕ್ಕ. ತಪ್ಪಿದೆ ಎಂಬ ಸಂದೇಶವೂ ಬರುವುದಿಲ್ಲ, ಅದೇ ಕಷ್ಟ.

ನಿಮ್ಮ ಮಕ್ಕಳು ಶಾಲೆಯ ಐಸಿಟಿ ಪಾಠದಲ್ಲಿ ಜಿಯೋಜೀಬ್ರಾ ಬಳಸಿದವರು. ಗೊತ್ತಿಲ್ಲದ ಅಕ್ಷರ ಬಂದರೆ ಜಿಯೋಜೀಬ್ರಾ ಸ್ಲೈಡರ್ (ಎಳೆದು ಬೆಲೆ ಬದಲಿಸುವ ಗುಂಡಿ) ಮಾಡಿ 1 ಎಂಬ ಬೆಲೆ ಕೊಡುತ್ತದೆ. ಕಲಿಯಲು ಇದು ಒಳ್ಳೆಯದೇ. ಆದರೆ ಒಂದು ಕಡೆ ಚಿಕ್ಕ ಕೆ, ಇನ್ನೊಂದು ಕಡೆ ಕೈತಪ್ಪಿ ದೊಡ್ಡ ಕೆ ಹೊಡೆದರೆ ಎರಡು ಸ್ಲೈಡರ್ ಹುಟ್ಟುತ್ತವೆ. ನೀವೂ ಸ್ಲೈಡರ್ ಕೊಡುವುದಾದರೆ, ಅಕ್ಷರದ ಗಾತ್ರದಲ್ಲಷ್ಟೇ ವ್ಯತ್ಯಾಸ ಇರುವ ಎರಡು ಹೆಸರು ಕಂಡಾಗ ಎಚ್ಚರಿಕೆ ಕೊಡಿ.

ಸಿಂಪೈಯಲ್ಲಿ ನಿಮಗೆ ಖಂಡಿತ ಎದುರಾಗುವ ತೊಡಕು ಬೇರೆ. ಓಮ್‌ನ ನಿಯಮ ‘ಐ*ಆರ್’ ಎಂದು ದೊಡ್ಡಕ್ಷರದಲ್ಲಿ ಸಿಂಪಿಫೈಗೆ (ಟೈಪ್ ಮಾಡಿದ ಸೂತ್ರ ಓದುವ ಸಿಂಪೈ ಫಂಕ್ಷನ್) ಕೊಟ್ಟರೆ ಅದು ಐ ಅನ್ನು ವಿದ್ಯುತ್ ಪ್ರವಾಹ ಎಂದು ಓದುವುದಿಲ್ಲ, ಮೈನಸ್ ಒಂದರ ವರ್ಗಮೂಲ ಎಂದು ಓದುತ್ತದೆ. ಉಳಿದ ಚರ ಆರ್ ಒಂದೇ! ‘ಒಂದೇ ಇದ್ದರೆ ಊಹಿಸು’ ಎಂಬ ನಿಯಮ ಸಂತೋಷವಾಗಿ ಪಾಸಾಗುತ್ತದೆ, ಬೆಲೆಗಳು ಕಾಲ್ಪನಿಕ ಸಂಖ್ಯೆಗಳಾದ್ದರಿಂದ ಪರದೆ ಮಾತ್ರ ಖಾಲಿ. ಚಿಕ್ಕ ಇ ಇದಕ್ಕೆ ತದ್ವಿರುದ್ಧ: 2.718 ಎಂದುಕೊಂಡು ಬರೆದರೆ ಅದು ಬರಿಯ ಚರವಾಗುತ್ತದೆ, ಸ್ಥಿರಾಂಕ ಬೇಕಿದ್ದರೆ ದೊಡ್ಡ ಇ. ಎನ್, ಎಸ್, ಕ್ಯೂ ದೊಡ್ಡಕ್ಷರಗಳಿಗೂ ಒಳಗೆ ಬೇರೆ ಅರ್ಥ ಇದೆ. ಹಾಗಾಗಿ ಸೂತ್ರ ಓದುವಾಗ ಲೋಕಲ್ಸ್ ಎಂಬ ಡಿಕ್ಷನರಿಯಲ್ಲಿ ಈ ಅಕ್ಷರಗಳನ್ನೆಲ್ಲ ಸಿಂಬಲ್ (ಅಂದರೆ ಬರಿಯ ಚರ) ಎಂದು ನೀವೇ ಕೊಡಿ, ಚಿಕ್ಕ ಇ ಅನ್ನು ಸ್ಥಿರಾಂಕಕ್ಕೆ ಕಟ್ಟಿ. ಅಂದಹಾಗೆ, ಸಿಂಪಿಫೈ ಒಳಗೊಳಗೆ ಇವ್ಯಾಲ್ ನಡೆಸುತ್ತದೆ, ಅಂದರೆ ಟೈಪ್ ಮಾಡಿದ್ದನ್ನು ಪೈಥಾನ್ ಕೋಡ್ ಆಗಿಯೇ ಓಡಿಸುತ್ತದೆ. ವೆಬ್‌ನಲ್ಲಿ ಹಾಕುವುದಾದರೆ ಅದಕ್ಕೆ ನೇರವಾಗಿ ಸೂತ್ರ ಕೊಡಬೇಡಿ.

ಇನ್ನು, ಚರಗಳನ್ನು ಸರಳೀಕರಣದ ಮೊದಲು ಎಣಿಸಿ. ‘ಎಚ್*ಆರ್/ಎಚ್’ ಸಿಂಪೈ ಕೈಗೆ ಹೋದ ಕ್ಷಣ ಆರ್ ಆಗಿರುತ್ತದೆ, ‘ಟಿ - ಟಿ’ ಸೊನ್ನೆಯಾಗಿರುತ್ತದೆ. ಒಂದೇ ಚಿತ್ರದಲ್ಲಿ ಎರಡು ಸೂತ್ರ ಇದ್ದರೆ ಎರಡರ ಅಕ್ಷರಗಳನ್ನೂ ಒಟ್ಟಿಗೆ ಎಣಿಸಿ. ಬೇರೆ ಬೇರೆ ಎಣಿಸಿದರೆ ಒಂದರ ಟಿ, ಇನ್ನೊಂದರ ಎಕ್ಸ್ ಎರಡೂ ಅದೇ ಅಕ್ಷದ ಮೇಲೆ ಬಂದು ಕೂರುತ್ತವೆ.

ನಮ್ಮ ಕಡೆಯ ಲೆಕ್ಕವನ್ನೇ ತೆಗೆದುಕೊಳ್ಳಿ. ಅಂಗಳದಲ್ಲಿ ಹರಡಿದ ಹಣ್ಣಡಿಕೆ ಸುಮಾರು 40 ದಿನದಲ್ಲಿ ಒಣಗಿ ಚಾಲಿಯಾಗುತ್ತದೆ. ತೂಕ ಇಳಿಯುವುದನ್ನು ಅಂದಾಜಿಗೆ ‘ಎ + ಬಿ*ಇ^(-ಕೆ*ಟಿ)’ ಎಂದು ಬರೆದರೆ, ಎ ಒಣಗಿದ ಮೇಲಿನ ತೂಕ, ಬಿ ಆವಿಯಾಗುವ ನೀರು. ಗೊತ್ತಿಲ್ಲದ ಅಕ್ಷರ ನಾಲ್ಕು. ಅಕ್ಷರಮಾಲೆಯ ಕ್ರಮ ಹಿಡಿದರೆ ಎ ಅಡ್ಡ ಅಕ್ಷಕ್ಕೆ ಹೋಗುತ್ತದೆ, ಅರ್ಥವೇ ಇಲ್ಲ. ಇಲ್ಲಿ ಸಂದೇಶ ಹೀಗಿರಲಿ: ‘ಎ, ಬಿ, ಕೆ, ಟಿ ಇವುಗಳಿಗೆ ಬೆಲೆ ಇಲ್ಲ. ಯಾವುದನ್ನು ಅಡ್ಡ ಅಕ್ಷಕ್ಕೆ ಹಾಕಲಿ?’ ಕೆಳಗೆ ನಾಲ್ಕು ಗುಂಡಿ. ಟಿ ಒತ್ತಿದರೆ ಉಳಿದ ಮೂರಕ್ಕೆ ಬೆಲೆ ತುಂಬುವ ಚೌಕ, ಮೇಲೆ ‘ಟಿ = 0..40’ ಎಂಬ ತಿದ್ದಬಹುದಾದ ಸಾಲು. ಒಮ್ಮೆ ಟಿ ಎಂದಾದ ಮೇಲೆ ಸೂತ್ರಕ್ಕೆ ಹೊಸ ಅಕ್ಷರ ಸೇರಿದರೂ ಮರಳಿ ಊಹಿಸಬೇಡಿ. ಫೈಲಿನಲ್ಲಿ ಉಳಿಸುವಾಗಲೂ ಚರದ ಹೆಸರು, ವ್ಯಾಪ್ತಿ, ಬೆಲೆಗಳು ಬರೆದೇ ಇರಬೇಕು.

ಹಾಗೆಯೇ ಗ್ರಾಫಿನ ಟಿ ಆ ಗ್ರಾಫಿನೊಳಗೆ ಮಾತ್ರ ಬದುಕಲಿ. ಮೇಪಲ್ ಎಂಬ ಗಣಿತ ಸಾಫ್ಟ್‌ವೇರ್‌ನಲ್ಲಿ ಎಕ್ಸ್‌ಗೆ ಮೊದಲೇ 5 ಕೊಟ್ಟು ಎಕ್ಸ್^2 ಎಳೆಯಲು ಹೇಳಿದರೆ, ಎಳೆಯುವ ಮೊದಲೇ ಅದು 25 ಆಗಿ, ತಪ್ಪಿದೆ ಎಂಬ ಸಂದೇಶ ಬರುತ್ತದೆ. ಮ್ಯಾಥಮ್ಯಾಟಿಕಾದಲ್ಲಿ ಈ ತಾಪತ್ರಯ ಇಲ್ಲ, ಅಲ್ಲಿ ಎಕ್ಸ್ ಆ ಹೊತ್ತಿಗೆ ಸ್ಥಳೀಯ.

ಕೊನೆಗೆ ಕನ್ನಡ ಹೆಸರು. ಟಿ ಬದಲು ‘ದಿನ’ ಎಂದೇ ಬರೆಯಲು ಬಿಡುವುದು ಒಳ್ಳೆಯದು, ಆದರೆ ಅಕ್ಷರ ಅಕ್ಕಪಕ್ಕ ಬಂದರೆ ಗುಣಾಕಾರ ಎಂಬ ಸೌಲಭ್ಯವನ್ನು ಆಗ ಕೈಬಿಡಬೇಕು, ಇಲ್ಲದಿದ್ದರೆ ಅದು ‘ದಿ’ ಗುಣಿಸು ‘ನ’. ಅಕ್ಷರ ಹೌದೋ ಅಲ್ಲವೋ ಎಂದು ನೋಡುವ ಪೈಥಾನ್‌ನ ಇಸ್‌ಆಲ್ಫಾ ಗುಣಿತ ಚಿಹ್ನೆಯನ್ನು ಅಕ್ಷರವೆಂದು ಒಪ್ಪುವುದಿಲ್ಲ, ‘ದ’ದ ಮೇಲಿನ ಗುಡಿಸು ಕತ್ತರಿಸಿ ಹೋಗುತ್ತದೆ. ಇಡೀ ಹೆಸರು ಚರದ ಹೆಸರಾಗಬಹುದೇ ಎಂದು ಇಸ್‌ಐಡೆಂಟಿಫೈಯರ್‌ನಿಂದ ಪರೀಕ್ಷಿಸಿ. ಮೊದಲು ಎನ್‌ಎಫ್‌ಸಿ (ಬಿಡಿ ಚಿಹ್ನೆಗಳನ್ನು ಕೂಡಿಸಿ ಬರೆಯುವ ಯುನಿಕೋಡ್) ರೂಪಕ್ಕೆ ತನ್ನಿ, ಏಕೆಂದರೆ ‘ಕೋ’ ಎಂಬುದನ್ನು ಒಂದೇ ಚಿಹ್ನೆಯಿಂದಲೂ ಬಿಡಿ ಚಿಹ್ನೆಗಳಿಂದಲೂ ಬರೆಯಬಹುದು. ಕಣ್ಣಿಗೆ ಒಂದೇ, ಪ್ರೋಗ್ರಾಂಗೆ ಎರಡು ಚರ. ‘೪೦’ ಎಂದು ಕನ್ನಡ ಅಂಕಿ ಹೊಡೆದರೆ ಬರಹವನ್ನು ಸಂಖ್ಯೆ ಮಾಡುವ ಪೈಥಾನ್‌ನ ಇಂಟ್, ಫ್ಲೋಟ್ ಎರಡೂ ಓದುತ್ತವೆ. ಜಾವಾಸ್ಕ್ರಿಪ್ಟ್ ಓದುವುದಿಲ್ಲ, ಬ್ರೌಸರ್ ಭಾಗ ಬರೆಯುವಾಗ ನೀವೇ ಬದಲಾಯಿಸಬೇಕು.