ಬಲೆ ಹರಿಯುವ ಡಾಲ್ಫಿನ್‌ಗೆ ಕಾಯ್ದೆಯ ರಕ್ಷಣೆ: ಮೀನುಗಾರನ ನಷ್ಟಕ್ಕೆ ಯಾರು ಹೊಣೆ?

ಪ್ರಶ್ನೆ: ನಾವು ಮಲ್ಪೆಯ ನಾಡದೋಣಿ ಮೀನುಗಾರರು. ಬೀಡುಬಲೆಗೆ (ಕಣ್ಣುಗಳಲ್ಲಿ ಮೀನು ಸಿಕ್ಕಿಕೊಳ್ಳುವ ಬಲೆ) ಬಿದ್ದ ಬಂಗುಡೆಯನ್ನು ಡಾಲ್ಫಿನ್‌ಗಳು ತಿಂದು ಬಲೆಯನ್ನೂ ಹರಿಯುತ್ತವೆ. ಸ್ಕಾಟ್ಲೆಂಡಿನಲ್ಲಿ ಓದುತ್ತಿರುವ ನನ್ನ ತಂಗಿಯ ಮಗ, ಅಲ್ಲಿ ಸೀಲ್ ಎಂಬ ಮೀನು ತಿನ್ನುವ ಕಡಲ ಸಸ್ತನಿಗಳಿಂದ ಇದೇ ಗೋಳು, ಆದರೂ ಕೊಲ್ಲುವಂತಿಲ್ಲ ಎನ್ನುತ್ತಾನೆ. ಪ್ರಾಣಿಯೂ ಉಳಿದು ನಮ್ಮ ಹೊಟ್ಟೆಪಾಡೂ ನಡೆಯುವ ದಾರಿ ಎಲ್ಲಾದರೂ ಕಂಡುಕೊಂಡಿದ್ದಾರೆಯೇ?

ಉತ್ತರ: ನಿಮ್ಮ ತಂಗಿಯ ಮಗ ಹೇಳಿದ್ದು ನಿಜ. ಮೀನುಗಾರಿಕೆಯನ್ನೂ ಮೀನುಸಾಕಣೆಯನ್ನೂ ಕಾಪಾಡಲೆಂದು ಪರವಾನಗಿ ಪಡೆದು ಸೀಲ್‌ಗೆ ಗುಂಡು ಹೊಡೆಯುವ ಅವಕಾಶ ಸ್ಕಾಟ್ಲೆಂಡಿನಲ್ಲಿ 2021ರ ಫೆಬ್ರುವರಿಯಲ್ಲಿ ಕೊನೆಗೊಂಡಿತು. ಅದಕ್ಕೆ ಮುಖ್ಯ ಕಾರಣ ಅಮೆರಿಕದ 1972ರ ಕಡಲ ಸಸ್ತನಿ ಸಂರಕ್ಷಣಾ ಕಾಯ್ದೆಯಡಿಯ ಆಮದು ನಿಯಮ: ಸೀಲ್, ಡಾಲ್ಫಿನ್‌ನಂಥ ಕಡಲ ಸಸ್ತನಿಗಳನ್ನು ಕೊಲ್ಲಲು ಬಿಡುವ ಮೀನುಗಾರಿಕೆಯ ಮೀನನ್ನು ಅಮೆರಿಕ ಕೊಳ್ಳುವುದಿಲ್ಲ. ಅದು ಭಾರತದಿಂದ ಹೋಗುವ ಮೀನಿಗೂ ಅನ್ವಯಿಸುವುದರಿಂದ, ನಿಮ್ಮ ಬಲೆಯ ವಿಚಾರ ಮಲ್ಪೆ ಬಂದರಿನಾಚೆಗೂ ಸಲ್ಲುತ್ತದೆ. ನಮ್ಮ ಕಡಲಿನಲ್ಲಿ ಸೀಲ್ ಇಲ್ಲ. ಆದರೆ ಡಾಲ್ಫಿನ್, ನಮ್ಮದೇ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಯಲ್ಲಿ, ಅಂದರೆ ಅತಿ ಹೆಚ್ಚು ರಕ್ಷಣೆಯಿರುವ ಪ್ರಾಣಿಗಳ ಪಟ್ಟಿಯಲ್ಲಿದೆ.

ನಿಮಗೆ ಹೆಚ್ಚು ಉಪಯೋಗಕ್ಕೆ ಬರುವುದು ಉತ್ತರ ಯುರೋಪಿನ ಬಾಲ್ಟಿಕ್ ಸಮುದ್ರದ ಅನುಭವ ಎಂದು ನನ್ನ ಎಣಿಕೆ. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಅಲ್ಲಿ ಸುಮಾರು ಒಂದು ಲಕ್ಷವಿದ್ದ ಬೂದು ಸೀಲ್‌ಗಳು, ತಲೆಗಿಷ್ಟು ಎಂದು ಬಹುಮಾನ ಕೊಟ್ಟು ನಡೆಸಿದ ಬೇಟೆಯಿಂದಲೂ, ಹೆಣ್ಣುಗಳನ್ನು ಬಂಜೆಯಾಗಿಸಿದ ಪಿಸಿಬಿ ಎಂಬ ಕಾರ್ಖಾನೆ ವಿಷದಿಂದಲೂ 1970ರ ದಶಕದ ಹೊತ್ತಿಗೆ ಕೆಲವೇ ಸಾವಿರಕ್ಕೆ ಇಳಿದವು. ರಕ್ಷಣೆ ಸಿಕ್ಕ ಮೇಲೆ ಈಗ ಎಣಿಕೆಗೆ 40 ಸಾವಿರಕ್ಕೂ ಹೆಚ್ಚು ಸಿಗುತ್ತಿವೆ. ಅವುಗಳ ಜೊತೆಗೆ ದಡದ ಮೀನುಗಾರನ ನಷ್ಟವೂ ಬೆಳೆಯಿತು. ಬಲೆ ಎತ್ತಿದರೆ ಕಣ್ಣುಗಳಲ್ಲಿ ಸಿಕ್ಕಿಕೊಂಡ ಮೀನಿನ ತಲೆ ಮಾತ್ರ, ಮುಂಡ ಸೀಲ್‌ನ ಹೊಟ್ಟೆಯಲ್ಲಿ. ಈ ನೋಟವನ್ನು ನಿಮಗೆ ವಿವರಿಸಬೇಕಾಗಿಲ್ಲ. ಸ್ವೀಡನ್ನಿನವರು ಮೀನುಗಾರರನ್ನು ಜೊತೆಗಿಟ್ಟುಕೊಂಡು ಬಲೆಯನ್ನೇ ಬದಲಿಸಿದರು. ಸೀಲ್‌ನ ಹಲ್ಲಿಗೆ ಜಗ್ಗದ ಗಟ್ಟಿ ನೂಲಿನ ಎರಡು ಪದರದ ಗೂಡಿನಲ್ಲಿ ಮೀನು ಸುರಕ್ಷಿತವಾಗಿರುತ್ತದೆ. ಗೂಡಿನ ಅಡಿಯ ಕೊಳವೆಗಳಿಗೆ ಗಾಳಿ ತುಂಬಿದರೆ ಅದು ತಾನಾಗಿಯೇ ನೀರಿನ ಮೇಲಕ್ಕೆ ಬರುತ್ತದೆ. ಈ ಗೂಡು ಬಂಗುಡೆ ಬಲೆಗೆ ಒಗ್ಗುವುದಿಲ್ಲ. ಆದರೆ ಸಲಕರಣೆ ಬದಲಿಸುವ ಹೊಣೆಯನ್ನು ಬಡ ಮೀನುಗಾರನೊಬ್ಬನ ಹೆಗಲಿಗೆ ಹಾಕಬಾರದು ಎಂಬ ಅವರ ತಿಳಿವಳಿಕೆ ನಮಗೂ ಬೇಕು.

ಶಬ್ದ ಮಾಡಿ ಓಡಿಸುವ ಯಂತ್ರಗಳನ್ನು ಮಾರಲು ಯಾರಾದರೂ ಬಂದರೆ ಕೂಡಲೇ ಹಣ ಕೊಡಬೇಡಿ. ಸೀಲ್‌ಗಳ ವಿಷಯದಲ್ಲಂತೂ ಕೆಲವು ದಿನಗಳ ಬಳಿಕ ಆ ಶಬ್ದವೇ ಊಟದ ಗಂಟೆಯಾದ ಉದಾಹರಣೆಗಳಿವೆ. ಅದಕ್ಕಿಂತ, ಬಲೆ ನೀರಿನಲ್ಲಿರುವ ಹೊತ್ತನ್ನು ಕಡಿಮೆ ಮಾಡಿ, ಬಿಟ್ಟ ಬಲೆಯ ಬಳಿಯಲ್ಲೇ ಇದ್ದು, ಡಾಲ್ಫಿನ್ ಕಂಡೊಡನೆ ಎಳೆದುಕೊಳ್ಳುವುದು ಖರ್ಚಿಲ್ಲದ ಉಪಾಯ.

ಪರಿಹಾರದ ವಿಷಯಕ್ಕೆ ದೂರ ಹೋಗಬೇಕಾಗಿಲ್ಲ. ರಕ್ಷಿತ ಜೀವಿಯನ್ನು ಬಿಡಿಸಲು ಬಲೆ ಕತ್ತರಿಸಿದ ಮೀನುಗಾರನಿಗೆ 25 ಸಾವಿರ ರೂಪಾಯಿವರೆಗೆ ಕೊಡುವ ಯೋಜನೆಯನ್ನು ಮಹಾರಾಷ್ಟ್ರ 2018ರಲ್ಲಿ ಆರಂಭಿಸಿತು. ಚಿತ್ರ ಅಥವಾ ವಿಡಿಯೊ ಸಾಕ್ಷ್ಯ ಒದಗಿಸಬೇಕು. ಗುಜರಾತಿನಲ್ಲಿ ತಿಮಿಂಗಿಲ ಶಾರ್ಕ್‌ಗಳನ್ನು ಬಲೆ ಕತ್ತರಿಸಿ ಬಿಟ್ಟವರಿಗೂ ಅರಣ್ಯ ಇಲಾಖೆ ಪರಿಹಾರ ನೀಡಿದೆ. ಎರಡೂ ಕಡೆ ಹಣ ಸಿಗುವುದು ಕತ್ತರಿಸಿದ ಬಲೆಗೆ. ಡಾಲ್ಫಿನ್ ತಿಂದ ಮೀನಿನ ಲೆಕ್ಕವನ್ನೂ ಸರ್ಕಾರ ಕೇಳುವಂತಾಗಬೇಕು ಎಂಬುದು ನನ್ನ ದೃಢ ಅಭಿಪ್ರಾಯ. ರಕ್ಷಣೆ ಇಡೀ ನಾಡಿನ ಇಚ್ಛೆಯಾಗಿರುವಾಗ ಅದರ ಬೆಲೆಯನ್ನು ಒಂದು ಕೇರಿಯ ಜನ ಮಾತ್ರ ತೆರುವುದು ನ್ಯಾಯವಲ್ಲ.

ಅದಕ್ಕಾಗಿ ದೋಣಿಯಲ್ಲೊಂದು ಪುಸ್ತಕವಿಡಿ. ದಿನಾಂಕ, ಎಷ್ಟು ಮಾರು ನೀರು, ಎಷ್ಟು ಡಾಲ್ಫಿನ್, ಎಷ್ಟು ಬಲೆ ಹರಿಯಿತು ಎಂದು ಬರೆದು, ತಲೆ ಮಾತ್ರ ಉಳಿದ ಬಂಗುಡೆಯ ಚಿತ್ರವನ್ನೂ ಮೊಬೈಲಿನಲ್ಲಿ ತೆಗೆದಿಡಿ. ಒಂದು ಋತುವಿನ ಬರಹವನ್ನು ನಿಮ್ಮ ಸಂಘದ ಮೂಲಕ ಮೀನುಗಾರಿಕೆ ಇಲಾಖೆಗೂ ಅರಣ್ಯ ಇಲಾಖೆಗೂ ಒಟ್ಟಿಗೆ ಸಲ್ಲಿಸಿ. ಜೀವಂತ ಡಾಲ್ಫಿನ್ ಬಲೆಗೆ ಸಿಕ್ಕಿದರೆ ಬಾಲ ಹಿಡಿದು ಎಳೆಯದೆ, ನೆತ್ತಿಯ ಉಸಿರುರಂಧ್ರ ನೀರಿನ ಮೇಲಿರುವಂತೆ ಆನಿಸಿ ಹಿಡಿದು, ಬಲೆಯನ್ನು ಕತ್ತರಿಸಿ ಬಿಡಿ. ಕತ್ತರಿಸಿದ ತುಂಡನ್ನು ಎಸೆಯದೆ ದಡಕ್ಕೆ ತನ್ನಿ.