ಗದ್ದೆಯ ಬಾಯ್ಕಳಕ, ಕಾಡಿನ ಸಿಂಗಳೀಕ

ಪ್ರಶ್ನೆ: ನಮ್ಮ ಗದ್ದೆಗೆ ಬಾಯ್ಕಳಕ ಕೊಕ್ಕರೆಗಳು ಬರುತ್ತವೆ, ಘಟ್ಟದಂಚಿನ ಕಾಡಿನಲ್ಲಿ ಸಿಂಗಳೀಕಗಳಿವೆ. ಮರಗಳು ಕಡಿಮೆಯಾದರೆ ಎರಡಕ್ಕೂ ಸಮಾನ ಅಪಾಯವೇ?
– ಓದುಗರೊಬ್ಬರು, ಸಾಗರ ತಾಲ್ಲೂಕು

ಉತ್ತರ: ಸಮಾನವಲ್ಲ. ಬಾಯ್ಕಳಕಕ್ಕೆ ಮರ ಬೇಕಾಗುವುದು ಮುಖ್ಯವಾಗಿ ಗೂಡಿಗೆ ಮತ್ತು ರಾತ್ರಿಯ ತಂಗುವಿಕೆಗೆ. ಅದರ ಹೊಟ್ಟೆ ತುಂಬುವುದು ಆಳವಿಲ್ಲದ ನೀರಿನಲ್ಲಿ. ಬೆಳೆದ ಹಕ್ಕಿಯ ಕೊಕ್ಕಿನ ನಡುವೆ ಕಾಣುವ ಸಂದು ಮರಿಗಳಲ್ಲಿ ಇರುವುದಿಲ್ಲ. ಆ ಕೊಕ್ಕಿನಿಂದ ಅದು ಬಸವನಹುಳುವಿನ ಚಿಪ್ಪನ್ನು ಒಡೆಯುತ್ತದೆಂದು ಹಲವರು ನಂಬಿದ್ದಾರೆ. ವಾಸ್ತವದಲ್ಲಿ ಚಿಪ್ಪನ್ನು ಒತ್ತಿ ಹಿಡಿದು, ಕೆಳಕೊಕ್ಕಿನ ತುದಿಯನ್ನು ಒಳಗೆ ತೂರಿಸಿ, ಮಾಂಸವನ್ನಷ್ಟೇ ಬಿಡಿಸಿಕೊಳ್ಳುತ್ತದೆ. ಒಂದು ಕೆರೆ ಬತ್ತಿದರೆ ಅದು ಮತ್ತೊಂದಕ್ಕೆ ಹಾರಬಲ್ಲದು. ಗದ್ದೆಗೆ ಸುರಿಯುವ ಕೀಟನಾಶಕದ ಬಗ್ಗೆ ಎಚ್ಚರ ಬೇಕಾದರೂ, ಜಗತ್ತಿನ ಮಟ್ಟದಲ್ಲಿ ಈ ಕೊಕ್ಕರೆ ಅಳಿವಿನಂಚಿನ ಪಟ್ಟಿಯಲ್ಲಿಲ್ಲ.

ಸಿಂಗಳೀಕದ ಸ್ಥಿತಿ ಬೇರೆ. ಪಶ್ಚಿಮ ಘಟ್ಟವನ್ನು ಬಿಟ್ಟರೆ ಜಗತ್ತಿನ ಬೇರಾವ ಕಾಡಿನಲ್ಲಿಯೂ ಇಲ್ಲದ, ಮುಖದ ಸುತ್ತ ಬೂದುಬಿಳಿ ಕೇಸರವಿರುವ ಈ ಕಪ್ಪು ಕೋತಿ, ತಿನ್ನುವುದು, ಮಲಗುವುದು, ಮರಿ ಸಾಕುವುದು ಎಲ್ಲವನ್ನೂ ಬಹುಪಾಲು ಮರದ ಮೇಲೆಯೇ ನಡೆಸುತ್ತದೆ. ಬಾಯ್ಕಳಕ ಒಂದು ಗೂಡಿನಲ್ಲಿ ಎರಡರಿಂದ ನಾಲ್ಕು ಮೊಟ್ಟೆಗಳನ್ನಿಟ್ಟರೆ, ಸಿಂಗಳೀಕ ಒಂದು ಸಲಕ್ಕೆ ಸಾಮಾನ್ಯವಾಗಿ ಒಂದೇ ಮರಿ ಹಾಕುತ್ತದೆ, ಮುಂದಿನ ಮರಿಗೆ ಎರಡು–ಮೂರು ವರ್ಷಗಳೇ ಹಿಡಿಯುತ್ತವೆ. ಹೀಗಾಗಿ ಗುಂಪೊಂದು ಕಳೆದುಕೊಂಡದ್ದನ್ನು ತುಂಬಿಕೊಳ್ಳುವುದು ಬಹಳ ನಿಧಾನ. ಕಾಡಿನ ನಡುವೆ ಅಗಲವಾದ ರಸ್ತೆಯೋ ವಿದ್ಯುತ್ ಮಾರ್ಗವೋ ಬಂದರೆ ಕೊಕ್ಕರೆ ಅದರ ಮೇಲೆ ಹಾರಿ ಹೋಗುತ್ತದೆ. ಸಿಂಗಳೀಕಕ್ಕೆ ಕೊಂಬೆಯ ದಾರಿಯೇ ಕಡಿದುಹೋಗುತ್ತದೆ. ನೆಲಕ್ಕಿಳಿದು ದಾಟಬೇಕಾದಾಗ ವಾಹನಕ್ಕೂ ನಾಯಿಗೂ ಸಿಲುಕುವ ಭಯವಿದೆ.

1964ರಲ್ಲಿ ಪೂರ್ಣಗೊಂಡ ಲಿಂಗನಮಕ್ಕಿ ಅಣೆಕಟ್ಟೆಯ ಹಿನ್ನೀರು ಶರಾವತಿ ಕಣಿವೆಯ ಅಪಾರ ಕಾಡನ್ನು ಮುಳುಗಿಸಿತು. ನೀರು ಹೆಚ್ಚಾದದ್ದರಿಂದ ಕೊಕ್ಕರೆಗಾದರೂ ಲಾಭವಾಯಿತೆಂದು ಭಾವಿಸುವಂತಿಲ್ಲ, ಏಕೆಂದರೆ ಆಳದ ನೀರಿನಲ್ಲಿ ನಿಂತು ಹುಳು ಹುಡುಕಲು ಅದಕ್ಕೆ ಸಾಧ್ಯವಿಲ್ಲ. ಉಳಿದ ಕಾಡನ್ನು ಸೇರಿಸಿ 2019ರಲ್ಲಿ ಶರಾವತಿ ಕಣಿವೆಯ ಅಭಯಾರಣ್ಯವನ್ನು ಸಿಂಗಳೀಕದ ಹೆಸರಿನಲ್ಲಿಯೇ ವಿಸ್ತರಿಸಿದ್ದು ನನ್ನ ಮಟ್ಟಿಗೆ ಬಹಳ ಸಮಾಧಾನದ ಸಂಗತಿ.

ನಿಮ್ಮ ತೋಟಕ್ಕೆ ಸೇರಿದ ಸೊಪ್ಪಿನ ಬೆಟ್ಟವಿದ್ದರೆ (ಗೊಬ್ಬರಕ್ಕಾಗಿ ಸೊಪ್ಪು ಕಡಿಯಲು ತೋಟಕ್ಕೆ ಬಿಟ್ಟ ಕಾಡು) ಅದರಲ್ಲಿ ಕಾಡಿಗೆ ತಾಗಿದ ಅಂಚಿನ ಮರಗಳ ಸೊಪ್ಪನ್ನು ಕಡಿಯದೆ ಬಿಡಿ. ಆ ಕಡೆಯ ಕೊಂಬೆ ಈ ಕಡೆಯ ಕೊಂಬೆಗೆ ತಾಗುವಂತಿರಲಿ. ಕೊಕ್ಕರೆಗಾಗಿ ಗದ್ದೆಯ ಅಂಚಿನ ಹೊಂಡವೊಂದನ್ನು ಮುಚ್ಚದೆ ಉಳಿಸಿಕೊಳ್ಳಿ.